ಅಲ್ಲಿ ಸಂಜೆ, ಇಲ್ಲಿ ಬೆಳಗು: ನಡುವೆ 18 ನಿಮಿಷ

ಜನವರಿಯ ಎರಡನೇ ಭಾನುವಾರ, ಬೆಳಗಿನ ಜಾವ ಐದೂ ಮುಕ್ಕಾಲು. ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಅಮ್ಮನ ಹಳೇ ಶಾಲು ಹೊದ್ದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಎದುರಿಗೆ ಕಾರಿನ ಬ್ಯಾಟರಿಯಲ್ಲಿ ನಡೆಯುವ ರೇಡಿಯೊ. ಅಪ್ಪ ಟಾರ್ಚ್ ಹಿಡಿದುಕೊಂಡು ಬಂದು ಮನೆಯ ಮೇನ್ ಸ್ವಿಚ್ ಆಫ್ ಮಾಡಿದ. ಫ್ರಿಜ್ಜಿನ ಗುಂಯ್ ನಿಂತಿತು. ಹೆಡ್‌ಫೋನಿನಲ್ಲಿದ್ದ ಗಲಾಟೆಯೂ ಅರ್ಧಕ್ಕರ್ಧ ಇಳಿಯಿತು.

"ಇವತ್ತು ಎಷ್ಟು ಹೊತ್ತಿಗೆ?" ಅಪ್ಪ ಕೇಳಿದ.

"ಆರು ನಲವತ್ತೊಂದರಿಂದ ಆರು ಐವತ್ತೊಂಬತ್ತು."

"ಮುಹೂರ್ತ ಹೇಳಿದ ಹಾಗೆ ಹೇಳ್ತೀಯಲ್ಲೋ."

ಮುಹೂರ್ತವೇ ಅದು. ಆ ದಿನ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಶನಿವಾರದ ಸೂರ್ಯ ಮುಳುಗುವುದು ನಮ್ಮ ಗಡಿಯಾರದ 6:41ಕ್ಕೆ. ಶಿರಸಿಯಲ್ಲಿ ಭಾನುವಾರದ ಸೂರ್ಯ ಹುಟ್ಟುವುದು 6:59ಕ್ಕೆ. ನಡುವಿನ 18 ನಿಮಿಷ ಎರಡೂ ಕಡೆ ಸೂರ್ಯ ಇರುವುದಿಲ್ಲ. ಅಷ್ಟರೊಳಗೆ 100 ವಾಟ್‌ನಲ್ಲಿ, ಅಂದ್ರೆ ಹಳೇ ಕಾಲದ ಒಂದು ಬಲ್ಬಿನಷ್ಟು ಶಕ್ತಿಯಲ್ಲಿ, ಸುಮಾರು 13,900 ಕಿಲೋಮೀಟರ್ ಆಚೆ ನಿಂತ ನನ್ನ ಗೆಳೆಯನಿಗೆ ನನ್ನ ಸಿಗ್ನಲ್ ಕೇಳಿಸಬೇಕು. ಅವನದ್ದು ನನಗೆ ಕೇಳಿಸಬೇಕು. ಮಧ್ಯೆ ಉಪಗ್ರಹ ಇಲ್ಲ, ಕೇಬಲ್ ಇಲ್ಲ, ಟವರ್ ಇಲ್ಲ. ಎರಡು ಚಳಿಗಾಲದಿಂದ ಇದಕ್ಕೇ ಒದ್ದಾಡ್ತಾ ಇದ್ವಿ.

ವಾಟ್ಸ್ಆ್ಯಪ್ ಇರುವಾಗ ಇದ್ಯಾಕೆ?

ಆಫೀಸಿನಲ್ಲಿ ಬಾಯಿಬಿಟ್ಟರೆ ಬರುವ ಮೊದಲ ಪ್ರಶ್ನೆ ಇದೇ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಹವ್ಯಾಸ ಹ್ಯಾಮ್ ರೇಡಿಯೊ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತಗೊಂಡು, ಸ್ವಂತ ರೇಡಿಯೊದಿಂದ ಜಗತ್ತಿನ ಬೇರೆ ಹವ್ಯಾಸಿಗಳ ಜತೆ ಮಾತಾಡುವುದು. ಭಾರತದ ಹ್ಯಾಮ್‌ಗಳ ಕರೆಸಂಕೇತ 'ವಿಯು' ಅಂತ ಶುರುವಾಗ್ತದೆ. ಅದು ನಮ್ಮ ಗಾಡಿ ನಂಬರ್ ಇದ್ದ ಹಾಗೆ, ಒಬ್ಬರದ್ದು ಇನ್ನೊಬ್ಬರಿಗಿಲ್ಲ.

ಈ ಹುಚ್ಚು ಹತ್ತಿದ್ದು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ. ಹಾಸ್ಟೆಲ್ಲಿನ ರೂಮ್‌ಮೇಟ್‌ಗೂ ನನಗೂ ಒಟ್ಟಿಗೇ ಹತ್ತಿತು. ಊಟದ ತಟ್ಟೆಯ ಮೇಲೆ ಚಮಚದಿಂದ ಮೋರ್ಸ್ ಬಡಿದು ಪಕ್ಕದ ಮೇಜಿನವರ ಬಗ್ಗೆ ಏನೇನೋ ಮಾತಾಡಿಕೊಳ್ತಿದ್ವಿ. ಆಮೇಲೆ ಅವನು ಕ್ಯಾಲಿಫೋರ್ನಿಯಾಕ್ಕೆ ಹೋದ. ಜಗಳ ಏನಿಲ್ಲ. ಆದರೆ ನಿಮಗೂ ಇಂಥ ಒಬ್ಬ ಗೆಳೆಯ ಇರಬಹುದು: ಮೊದಲು ವಾರಕ್ಕೊಂದು ಕರೆ, ಆಮೇಲೆ ತಿಂಗಳಿಗೊಂದು, ಕೊನೆಗೆ ದೀಪಾವಳಿಗೆ ಒಂದು ದೀಪದ ಚಿತ್ರ, ಅದಕ್ಕೊಂದು ಹೆಬ್ಬೆರಳು. ಅಮ್ಮ ತೀರಿಕೊಂಡಾಗ ಅವನು ಕಳಿಸಿದ್ದೂ ಎರಡು ಸಾಲಿನ ಮೆಸೇಜ್. ನಾನು ಕೈಮುಗಿದ ಎಮೋಜಿ ಹಾಕಿ ಮುಗಿಸಿದೆ.

ಅದಾಗಿ ಕೆಲವು ತಿಂಗಳ ಮೇಲೆ ಒಂದು ರಾತ್ರಿ ಅವನಿಂದ ಮೆಸೇಜ್: "80 ಮೀಟರಿನಲ್ಲಿ ಒಂದ್ಸಲ ಟ್ರೈ ಮಾಡೋಣ್ವೇನೋ? ಮೋರ್ಸ್‌ನಲ್ಲಿ."

ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟ ತರಂಗಪಟ್ಟಿಗಳಲ್ಲಿ 160, 80, 40 ಮೀಟರುಗಳದ್ದನ್ನು ಲೋ ಬ್ಯಾಂಡ್ ಅಂತಾರೆ. ಅಲೆಯ ಉದ್ದ ಜಾಸ್ತಿ, ಕಂಪನಾಂಕ ಕಮ್ಮಿ. 80 ಮೀಟರ್ ಅಂದ್ರೆ 3.5 ಮೆಗಾಹರ್ಟ್ಸ್ ಆಸುಪಾಸು. 40 ಮೀಟರ್, ಅಂದ್ರೆ 7 ಮೆಗಾಹರ್ಟ್ಸ್, ಸ್ವಲ್ಪ ಸಲೀಸು. 160 ಮೀಟರ್ ಸನ್ಯಾಸಿಗಳಿಗೆ. 20 ಮೀಟರಿನಲ್ಲಿ ಪ್ರಯತ್ನಿಸಿದ್ದರೆ ಇಷ್ಟು ಕಷ್ಟ ಇರಲಿಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು. ಕಷ್ಟ ಇದೆ ಅಂತಲೇ ಅವನು ಕೇಳಿದ್ದು. ಸುಲಭದ ದಾರಿ ಜೇಬಿನಲ್ಲೇ ಇತ್ತಲ್ಲ, ಅದನ್ನು ನಾವು ಬಳಸಿದ್ದು ಅಷ್ಟರಲ್ಲೇ ಇತ್ತು.

ಅಪ್ಪನಿಗೆ ಮೊದಲೇ ಗೊತ್ತಿತ್ತು

ರಾತ್ರಿ ರೇಡಿಯೊ ದೂರ ಹೋಗ್ತದೆ ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದು. ಅಪ್ಪ ಅಡಿಕೆ ಸುಲಿಯುತ್ತಾ ಕಲಿತಿದ್ದ.

ನಮ್ಮ ಕಡೆ ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಅಡಿಕೆ ಸುಲೀತಿದ್ದರು. ನಿದ್ದೆ ಬಾರದಿರಲಿ ಅಂತ ನಡುವೆ ಒಂದು ರೇಡಿಯೊ. ಅಪ್ಪ ಹೇಳುವ ಪ್ರಕಾರ ಹಗಲಿಗೆ ಧಾರವಾಡ ಒಂದೇ ಸರಿಯಾಗಿ ಸಿಗ್ತಿದ್ದದ್ದು. ದೀಪ ಹಚ್ಚುವ ಹೊತ್ತಾದರೆ ಮದ್ರಾಸು, ಹೈದರಾಬಾದು ಎಲ್ಲ ಒಂದರ ಮೇಲೊಂದು ಬರ್ತಿದ್ದವು. "ಬೆಳಗಾಗ್ತಾ ಬಂದಾಗ ಒಂದೊಂದೇ ಹೊರಟುಹೋಗ್ತಿದ್ವು ತಮಾ. ಧಾರವಾಡ ಮಾತ್ರ ಉಳಿಯೋದು. ಸುಲಿದಿದ್ದು ಸಾಕು, ಏಳಿ ಅಂತ ಲೆಕ್ಕ."

ಅಪ್ಪ ಹೇಳಿದ್ದರಲ್ಲಿ ಪಾಠ ಪೂರ್ತಿ ಇದೆ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಲೆ ನೆಲ ಹಿಡಿದುಕೊಂಡು ಬರ್ತದೆ, ಅದಕ್ಕೆ ಹಗಲು ರಾತ್ರಿ ಒಂದೇ. ಮದ್ರಾಸಿನದ್ದು ಆಕಾಶಕ್ಕೆ ಹೋಗಿ ಅಲ್ಲಿಂದ ಬಾಗಿ ಇಳಿಯಬೇಕು. ಬಾಗಿಸುವುದು ಅಯಾನುಗೋಲ. ಸೂರ್ಯನ ಅತಿನೇರಳೆ ಕಿರಣ, ಕ್ಷಕಿರಣ ಬಡಿದು ಅಲ್ಲಿನ ಅಣುಗಳಿಂದ ಎಲೆಕ್ಟ್ರಾನ್ ಕಳಚಿಕೊಂಡಿರುತ್ತವೆ. ಅದರಲ್ಲಿ ಪದರಗಳಿವೆ. ನಮ್ಮ ಕಥೆಗೆ ಬೇಕಾದವು ಎರಡು.

ಕೆಳಗಿನದ್ದು ಡಿ ಪದರ, ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಮೇಲೆ. ಇದು ಕಳ್ಳ. ಅಲ್ಲಿ ಗಾಳಿ ಇನ್ನೂ ಸ್ವಲ್ಪ ದಟ್ಟ. ರೇಡಿಯೊ ಅಲೆ ಬಂದು ಎಲೆಕ್ಟ್ರಾನನ್ನು ಅಲ್ಲಾಡಿಸಿದರೆ, ಅದು ಪಕ್ಕದ ಅಣುವಿಗೆ ಡಿಕ್ಕಿ ಹೊಡೆದು ಶಕ್ತಿಯನ್ನೆಲ್ಲ ಬಿಸಿಯಾಗಿ ಕಳೆದುಬಿಡ್ತದೆ. ಕಂಪನಾಂಕ ಕಮ್ಮಿಯಾದಷ್ಟೂ ಪೆಟ್ಟು ಜೋರು. ಅರ್ಧ ಮಾಡಿದರೆ ಹೀರುವಿಕೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ಹಾಗಾಗಿ 80 ಮೀಟರಿನಲ್ಲಿ ನಡುಹಗಲು ಕರೆದರೆ ಹತ್ತಿರದ ಜಿಲ್ಲೆಯವರು ಓ ಅಂದಾರು, ಅಷ್ಟೇ.

ಮೇಲಿನದ್ದು ಎಫ್ ಪದರ, 200 ಕಿಲೋಮೀಟರಿನಿಂದ ಆಚೆ. ಇದು ಪುಣ್ಯಾತ್ಮ. ಅಲೆಯನ್ನು ಬಾಗಿಸಿ ಸಾವಿರಾರು ಕಿಲೋಮೀಟರ್ ಆಚೆ ಇಳಿಸುವುದು ಇದೇ.

ಸೂರ್ಯ ಮುಳುಗಿದರೆ ಡಿ ಪದರದ ಎಲೆಕ್ಟ್ರಾನುಗಳು ನಿಮಿಷಗಳಲ್ಲಿ ಅಣುಗಳಿಗೆ ಮರಳಿ ಅಂಟಿಕೊಳ್ತವೆ. ಪದರವೇ ಇಲ್ಲವಾದ ಹಾಗೆ. ಎಫ್‌ನಲ್ಲಿ ಗಾಳಿ ಎಷ್ಟು ತೆಳು ಅಂದ್ರೆ, ಎಲೆಕ್ಟ್ರಾನಿಗೆ ಜೋಡಿ ಸಿಗುವುದೇ ಕಷ್ಟ. ಹಾಗಾಗಿ ರಾತ್ರಿಯಿಡೀ ಸವೆಯುತ್ತಾ ಸವೆಯುತ್ತಾ ಬೆಳಗಿನ ತನಕ ಉಳಿದಿರ್ತದೆ. ಕಳ್ಳ ಮಲಗಿದ, ಪುಣ್ಯಾತ್ಮ ಎಚ್ಚರ ಇದ್ದಾನೆ. ಅಪ್ಪನಿಗೆ ಹೈದರಾಬಾದು ಸಿಗ್ತಿದ್ದದ್ದು ಹಾಗೆ.

ಇದನ್ನು ಮೊದಲು ಅಳೆದು ಬರೆದಿಟ್ಟವನು ಮಾರ್ಕೋನಿ. 1902ರ ಫೆಬ್ರವರಿಯಲ್ಲಿ 'ಫಿಲಡೆಲ್ಫಿಯಾ' ಅನ್ನುವ ಹಡಗಿನಲ್ಲಿ ಅಮೆರಿಕಕ್ಕೆ ಹೋಗ್ತಾ ಇಂಗ್ಲೆಂಡಿನ ಪೋಲ್ಡು ಕೇಂದ್ರದ ಸಂಕೇತ ಕೇಳುತ್ತಿದ್ದ. ಹಗಲಿಗೆ 700 ಮೈಲಿ ಆದ ಮೇಲೆ ಏನೂ ಇಲ್ಲ. ರಾತ್ರಿ 2,000 ಮೈಲಿ ದಾಟಿದರೂ ಕೇಳಿಸುತ್ತಿತ್ತು. ಅವನಿಗೆ ಕಾರಣ ಹೊಳೆಯಲಿಲ್ಲ. ಬಿಸಿಲು ಪೋಲ್ಡುವಿನ ಆ್ಯಂಟೆನಾಕ್ಕೇ ಏನೋ ಮಾಡ್ತಿದೆ ಅಂದುಕೊಂಡ. ಮೇಲೆ ಒಂದು ಪದರ ಇದೆ ಅಂತ ಆ್ಯಪಲ್‌ಟನ್ ಇಂಗ್ಲೆಂಡಿನಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1924ರ ಡಿಸೆಂಬರಿನಲ್ಲಿ. ನಮ್ಮಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ. 1947ರಲ್ಲಿ ಬಂದ ಅವರ 'ದಿ ಅಪ್ಪರ್ ಅಟ್ಮಾಸ್ಫಿಯರ್' ಅನ್ನು ಹೊರದೇಶದವರೂ ಇಟ್ಟುಕೊಂಡು ಓದಿದರು. ಶಾಲೆಯಲ್ಲಿ ಇವರ ಹೆಸರೇ ನಾನು ಕೇಳಿರಲಿಲ್ಲ.

ಅಂದ ಹಾಗೆ, ಇದನ್ನು ನಂಬೋಕೆ ಲೈಸೆನ್ಸ್ ಬೇಡ. ಮನೆಯಲ್ಲಿ ಮೀಡಿಯಂ ವೇವ್ ಇರುವ ಹಳೇ ರೇಡಿಯೊ ಇದ್ದರೆ ಬೆಳಗ್ಗೆ ಐದೂವರೆಗೆ ಹಾಕಿ, ಮುಳ್ಳನ್ನು ನಿಧಾನಕ್ಕೆ ಆ ತುದಿಯಿಂದ ಈ ತುದಿಗೆ ಓಡಿಸಿ. ಎಷ್ಟು ಕೇಂದ್ರ ಸಿಕ್ಕಿತು ಅಂತ ಎಣಿಸಿ. ಎಂಟೂವರೆಗೆ ಮತ್ತೆ ಎಣಿಸಿ. ರೇಡಿಯೊ ಇಲ್ಲ, ಫೋನ್ ಮಾತ್ರ ಇದೆ ಅನ್ನೋರು ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ತೆರೆಯಿರಿ. ಅಲ್ಲಿನ ಆ್ಯಂಟೆನಾಕ್ಕೆ ಬೀಳುವುದನ್ನು ಯಾರು ಬೇಕಾದರೂ ಬ್ರೌಸರಿನಲ್ಲೇ ಕೇಳಬಹುದು. ನಮ್ಮ ಮಧ್ಯಾಹ್ನ ಮೂರಕ್ಕೆ 3.5 ಮೆಗಾಹರ್ಟ್ಸಿನ ಹತ್ತಿರ ಹೋಗಿ ನೋಡಿ, ಅಲ್ಲಿ ಆಗ ಹಗಲು. ಅದೇ ಜಾಗಕ್ಕೆ ನಮ್ಮ ನಡುರಾತ್ರಿ ಹೋಗಿ. ಸಂತೆ ನೆರೆದಿರ್ತದೆ.

ಬೂದು ಗೆರೆ

ರಾತ್ರಿಯಿಡೀ ಚೆನ್ನಾಗಿದ್ದರೆ ಬೆಳಗಿನ ಹೊತ್ತಿಗೇ ಯಾಕೆ ಗಂಟುಬೀಳೋದು ಅಂತ ನೀವು ಕೇಳಬಹುದು. ಮೊದಲ ಕಾರಣ ಸರಳ. ಇಬ್ಬರಿಗೂ ಒಟ್ಟಿಗೇ ಕತ್ತಲಾಗಬೇಕಲ್ಲ. ನನಗೂ ಅವನಿಗೂ ಹೆಚ್ಚುಕಮ್ಮಿ ಅರ್ಧ ಭೂಮಿಯ ಅಂತರ. ನನ್ನ ರಾತ್ರಿಯ ಬಹುಪಾಲು ಅವನಿಗೆ ಹಗಲು. ನನ್ನ ಬೆಳಗಿನ ಕಡೆ ಇಬ್ಬರ ಕತ್ತಲೂ ಸೇರುವುದು ಅವನ ಸಂಜೆ ನನ್ನ ಬೆಳಗಿಗೆ ತಾಗುವ ಅಂಚಿನಲ್ಲಿ.

ಎರಡನೇ ಕಾರಣ ನನಗೆ ಬಹಳ ಇಷ್ಟ. ಸೂರ್ಯ ಎಲ್ಲರಿಗೂ ಒಟ್ಟಿಗೆ ಹುಟ್ಟುವುದಿಲ್ಲ. ಬೆಟ್ಟದ ತುದಿಗೆ ಮೊದಲು ಬಿಸಿಲು, ತಗ್ಗಿನ ತೋಟಕ್ಕೆ ಆಮೇಲೆ. ಅಯಾನುಗೋಲದ್ದೂ ಅದೇ ಕಥೆ. 300 ಕಿಲೋಮೀಟರ್ ಎತ್ತರದ ಎಫ್ ಪದರಕ್ಕೆ ನಮಗಿಂತ ಒಂದು ಗಂಟೆಗೂ ಮೊದಲೇ ಬಿಸಿಲು ತಾಗ್ತದೆ. ರಾತ್ರಿಯೆಲ್ಲ ಸವೆದು ಸುಸ್ತಾದದ್ದು ಮತ್ತೆ ಜೀವ ಹಿಡಿಯುತ್ತದೆ. ಡಿ ಪದರಕ್ಕೆ ಬರುವ ಓರೆ ಬಿಸಿಲು ದಟ್ಟ ಗಾಳಿಯನ್ನು ಹಾದು ಬರುವಷ್ಟರಲ್ಲಿ ಅದರ ಅತಿನೇರಳೆ ಭಾಗ ಸೋರಿಹೋಗಿರ್ತದೆ. ಹಾಗಾಗಿ ಡಿ ಏಳುವುದು ನೆಲದ ಮೇಲೆ ಸೂರ್ಯ ಹುಟ್ಟುವ ಹೊತ್ತಿಗೇ. ಪುಣ್ಯಾತ್ಮ ಎದ್ದು ಸ್ನಾನ ಮುಗಿಸಿದ್ದಾನೆ, ಕಳ್ಳ ಇನ್ನೂ ಹೊದ್ದು ಮಲಗಿದ್ದಾನೆ. ಆ ಸಂದಿಯಲ್ಲಿ ಸಿಗ್ನಲ್ ಇದ್ದಕ್ಕಿದ್ದಂತೆ ಉಬ್ಬಿ ಬಂದು, ಹಾಗೇ ಕುಸಿದುಹೋಗ್ತದೆ. ಕೆಲವು ದಿನ ಹತ್ತು ನಿಮಿಷ, ಕೆಲವು ದಿನ ಎರಡೇ ನಿಮಿಷ, ಕೆಲವು ದಿನ ಇಲ್ಲವೇ ಇಲ್ಲ. ಆ ಉಬ್ಬಿಗೆ ಇದೊಂದೇ ಕಾರಣವೋ, ಪದರಗಳ ಓರೆಯಿಂದ ಅಲೆ ಮೇಲೆಮೇಲೆಯೇ ಜಾರಿ ಬರುವುದೂ ಸೇರಿದೆಯೋ ಅಂತ ತಿಳಿದವರೇ ಇನ್ನೂ ವಾದ ಮಾಡ್ತಾರೆ.

ಹಗಲು ರಾತ್ರಿ ಕೂಡುವ ಈ ಪಟ್ಟಿಗೆ ಹ್ಯಾಮ್‌ಗಳು ಗ್ರೇಲೈನ್ ಅಂತಾರೆ, ಬೂದು ಗೆರೆ. ಅದು ಭೂಮಿಯ ಸುತ್ತ ಓಡ್ತಾನೇ ಇರುವ ಗೆರೆ. ಋತು ಬದಲಾದ ಹಾಗೆ ವಾಲುತ್ತದೆ.

ಗೆಳೆಯ ಒಂದು ಸ್ಪ್ರೆಡ್‌ಶೀಟ್ ಮಾಡಿ ಕಳಿಸಿದ. ಸಾಫ್ಟ್‌ವೇರಿನವರು ಬೇರೇನು ಮಾಡ್ತಾರೆ? ಅವನ ಸೂರ್ಯಾಸ್ತ ಒಂದು ಕಾಲಮ್ಮು, ನನ್ನ ಸೂರ್ಯೋದಯ ಇನ್ನೊಂದು. ನವೆಂಬರ್ ಎರಡನೇ ವಾರದಲ್ಲಿ ಎರಡೂ ಸರಿಸುಮಾರು ಒಂದೇ ಹೊತ್ತಿಗೆ. ಅಲ್ಲಿಂದ ನಡುವಿನ ಅಂತರ ದಿನಕ್ಕಿಷ್ಟು ಅಂತ ಅಗಲವಾಗುತ್ತಾ ಹೋಗಿ ಡಿಸೆಂಬರ್ 21ರ ಸುಮಾರಿಗೆ 27 ನಿಮಿಷ. ಮತ್ತೆ ಕಿರಿದಾಗುತ್ತಾ ಜನವರಿ ಕೊನೆಗೆ ಸೊನ್ನೆ. ಸೂರ್ಯ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ಜೀವ ಇರ್ತದೆ, ನಿಜ. ಆದರೂ ವರ್ಷದಲ್ಲಿ ಹನ್ನೊಂದು ವಾರ, ಅದರಲ್ಲಿ ಇಬ್ಬರಿಗೂ ರಜೆ ಇರುವುದು ಭಾನುವಾರದ ಬೆಳಗು ಮಾತ್ರ. ನನ್ನ ಭಾನುವಾರ ಬೆಳಗ್ಗೆ ಅವನ ಶನಿವಾರ ಸಂಜೆ. ಲೆಕ್ಕ ಹಾಕಿದರೆ ಒಂದು ಚಳಿಗಾಲಕ್ಕೆ ಹನ್ನೊಂದೋ ಹನ್ನೆರಡೋ ಸಲ.

ತಂತಿ ಮತ್ತು ಕೊನೆಗೌಡ

ಬೆಂಗಳೂರಿನ ನನ್ನ ಫ್ಲ್ಯಾಟಿನಲ್ಲಿ 80 ಮೀಟರ್ ಸತ್ತುಹೋಗಿದೆ. ಲಿಫ್ಟಿನ ಮೋಟರು, ಎಲ್‌ಇಡಿ ದೀಪ, ಮನೆಗೆ ಹತ್ತು ಚಾರ್ಜರು, ಎದುರಿನ ತಾರಸಿಯ ಸೋಲಾರ್ ಇನ್‌ವರ್ಟರು. ಎಲ್ಲವೂ ಇದೇ ಕಂಪನಾಂಕದಲ್ಲಿ ಬುಸುಗುಡ್ತವೆ. ಅದರೊಳಗೆ ಅಮೆರಿಕದ ಪಿಸುಮಾತು ಹುಡುಕುವುದು ಕೆ.ಆರ್. ಮಾರ್ಕೆಟ್ಟಿನಲ್ಲಿ ನಿಂತು ಯಾರದೋ ಉಸಿರು ಕೇಳಿಸಿಕೊಂಡ ಹಾಗೆ. ಊರಿಗೇ ಹೋಗಬೇಕಿತ್ತು.

ಊರಿನಲ್ಲಿ ಅಪ್ಪ ಒಬ್ಬನೇ. ನಾನು ಹೋದದ್ದು ರೇಡಿಯೊಗೆ ಅಂತ ಮುಚ್ಚಿಡಲಿಲ್ಲ, ಅವನಿಗೂ ಗೊತ್ತಿತ್ತು. ತೋಟದ ಮೇಲ್ತುದಿಯ ಅಡಿಕೆ ಮರಕ್ಕೆ ತಂತಿ ಏರಿಸಿದ್ದು ನಮ್ಮ ಕೊನೆಗೌಡ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನಿಗೆ ಇದು ಮಕ್ಕಳಾಟ. 16 ಮೀಟರ್ ಮೇಲಕ್ಕೆ, ಉಳಿದದ್ದು ಅಡ್ಡಕ್ಕೆ ಇನ್ನೊಂದು ಮರಕ್ಕೆ. ಬುಡದಿಂದ 16 ತಂತಿಗಳನ್ನು ದರಕಿನ ಅಡಿಯಲ್ಲಿ ಜೇಡರ ಬಲೆಯ ಹಾಗೆ ಹಾಸಿದೆ. ಅಷ್ಟಾದ ಮೇಲೆ ಕೊನೆಗೌಡ ಕೇಳಿದ: "ಹೆಗಡೇರೇ, ಇದನ್ನ ಇಲ್ಲೇ ಬಿಟ್ರೆ ನಾನು ಮಿಣಿ ಬಿಡೋದು ಎಲ್ಲಿ?"

ತೊಂದರೆ ಅಲ್ಲೇ ಇತ್ತು. ನವೆಂಬರಿನಿಂದ ಜನವರಿ ಕೊನೆಕೊಯ್ಲಿನ ಕಾಲ. ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಸಿ ಕೆಳಗೆ ಬಿಡುವ ದಾರಿಗೇ ನನ್ನ ತಂತಿ ಅಡ್ಡ. ಬೇರೆ ತಿಂಗಳಿನಲ್ಲಿ ಕಟ್ಟಿಕೊಳ್ಳೋಣ ಅಂದ್ರೆ ಬೆಳಗಿನ ಬೂದು ಗೆರೆ ಕೂಡುವುದಿಲ್ಲ, ಮಾರ್ಚ್ ಬಂತು ಅಂದ್ರೆ ಗುಡುಗು ಮಿಂಚಿನ ಚಟಪಟ ಲೋ ಬ್ಯಾಂಡನ್ನೆಲ್ಲ ತುಂಬಿಕೊಳ್ತದೆ. ಒಂದು ಒಪ್ಪಂದ ಆಯ್ತು: ಕೊಯ್ಲಿನ ಹಿಂದಿನ ದಿನ ಇಳಿಸೋದು, ಮುಗಿದ ಮೇಲೆ ಏರಿಸೋದು.

ಗೆಳೆಯನ ಪಾಡು ಬೇರೆ. ಅವನ ಕಾಲೊನಿಯಲ್ಲಿ ಆ್ಯಂಟೆನಾ ಕಟ್ಟುವ ಹಾಗಿಲ್ಲ. ಕಾರಿನಲ್ಲಿ ಫೈಬರ್ ಕೋಲು, ತಂತಿ, ಬ್ಯಾಟರಿ ಹಾಕಿಕೊಂಡು ಕೊಲ್ಲಿಯ ದಂಡೆಯ ಪಾರ್ಕಿಗೆ ಹೋಗ್ತಿದ್ದ. ಉಪ್ಪು ನೀರಿನ ಪಕ್ಕ ನೆಟ್ಟಗೆ ನಿಲ್ಲಿಸಿದ ತಂತಿಗೆ ದಿಗಂತದ ಕಡೆ ಕಳಿಸುವ ಶಕ್ತಿ ಚೆನ್ನಾಗಿರ್ತದೆ, ನೀರು ಒಳ್ಳೇ ವಾಹಕ. ಕಾಟ ಒಂದೇ. ಕತ್ತಲಾಗುತ್ತಲೇ ಪಾರ್ಕಿನ ಗೇಟು ಹಾಕ್ತಾರೆ. ನನಗೆ ಸೂರ್ಯ ಅವಸರ ಮಾಡಿದರೆ ಅವನಿಗೆ ಕಾವಲುಗಾರ.

ಮೊದಲ ಚಳಿಗಾಲ ಏನೂ ಆಗಲಿಲ್ಲ. ಏನೂ ಅಂದ್ರೆ ಏನೂ. ಇಟಲಿ, ರಷ್ಯಾ ಬೆಳಗಿನ ಜಾವ ಧಾರಾಳವಾಗಿ ಬರ್ತಿದ್ದವು, ಅವರಿಗದು ಇನ್ನೂ ರಾತ್ರಿ. ಕ್ಯಾಲಿಫೋರ್ನಿಯಾ ಮಾತ್ರ ಇಲ್ಲ. ನಕ್ಷೆಯ ಮೇಲೆ ನೋಡಿದರೆ ನಮ್ಮ ಅಲೆ ಪೂರ್ವಕ್ಕೆ ಹೋಗಬೇಕು ಅನ್ನಿಸ್ತದೆ. ಗ್ಲೋಬಿನ ಮೇಲೆ ದಾರ ಎಳೆದು ನೋಡಿ, ಅದು ಹೋಗುವುದು ಹೆಚ್ಚುಕಮ್ಮಿ ನೇರ ಉತ್ತರಕ್ಕೆ. ಹಿಮಾಲಯ, ಸೈಬೀರಿಯಾ, ಆರ್ಕ್‌ಟಿಕ್ ಸಾಗರದ ಅಂಚಿನಲ್ಲಿ 74 ಡಿಗ್ರಿ ಅಕ್ಷಾಂಶದ ತನಕ ಹೋಗಿ, ಅಲಾಸ್ಕಾ ದಾಟಿ ಇಳಿಯುತ್ತದೆ. ಚಳಿಗಾಲದಲ್ಲಿ ಅಲ್ಲಿ ಇಡೀ ದಿನ ಕತ್ತಲು, ನಮಗೆ ಒಳ್ಳೆಯದೇ. ಆದರೆ ಅದು ಧ್ರುವಪ್ರಭೆಯ ಸೀಮೆ. ಸೂರ್ಯನಿಂದ ಕಣಗಳ ಬಿರುಗಾಳಿ ಬಂದರೆ ಅಲ್ಲಿ ನಡುರಾತ್ರಿಯೂ ಡಿ ಪದರ ಎದ್ದು ಕೂತು ಅಲೆಯನ್ನು ನುಂಗುತ್ತದೆ. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯಿಂದಲೂ ಆಕಾಶ ಕೆಂಪಾಗಿ ಕಂಡ ಫೋಟೊ ನೀವು ನೋಡಿರಬಹುದು. ನೋಡೋಕೆ ಚಂದ, ನಮ್ಮಂಥವರಿಗೆ ಶನಿಕಾಟ. ಸೂರ್ಯನ ಚಟುವಟಿಕೆ ತಾರಕಕ್ಕೆ ಏರಿದ ವರ್ಷಗಳಲ್ಲೇ ನಾವು ಈ ಕೆಲಸಕ್ಕೆ ಹೊರಟಿದ್ದೆವು. ಲೋ ಬ್ಯಾಂಡಿನವರು ಕಾಯುವುದು ಸೂರ್ಯ ತಣ್ಣಗಿರುವ ವರ್ಷಗಳಿಗೆ.

ಎಫ್‌ಟಿ8 ಬಳಸಬಹುದಿತ್ತು. 2017ರಲ್ಲಿ ಬಂದ ಈ ಡಿಜಿಟಲ್ ವಿಧಾನದ ಹಿಂದೆ ಇರುವವರಲ್ಲಿ ಒಬ್ಬರು ನೊಬೆಲ್ ಪಡೆದ ಖಗೋಳ ವಿಜ್ಞಾನಿ ಜೋ ಟೇಲರ್. ಕಿವಿಗೆ ಕೇಳಿಸದಷ್ಟು ಕ್ಷೀಣ ಸಿಗ್ನಲ್ಲನ್ನೂ ಕಂಪ್ಯೂಟರು ಹೆಕ್ಕಿ ತೆಗೀತದೆ. ನನಗೆ ಅದರ ಮೇಲೆ ಸಿಟ್ಟಿಲ್ಲ, ದಿನಾ ಬಳಸ್ತೇನೆ. ಗೆಳೆಯ ಒಪ್ಪಲಿಲ್ಲ. "ನಿನ್ನ ಕೈಬರಹ ಕೇಳಬೇಕು ಮಾರಾಯ, ಲ್ಯಾಪ್‌ಟಾಪ್‌ದಲ್ಲ" ಅಂದ. ಮೋರ್ಸ್ ಬಡಿಯುವುದರಲ್ಲೂ ಒಬ್ಬೊಬ್ಬರದ್ದು ಒಂದೊಂದು ಲಯ ಇರ್ತದೆ. ನನ್ನದು 'ಯು' ಅಕ್ಷರದ ಕೊನೆಯ ಡಾ ಎಳೆಯುವ ಚಟ. ತಟ್ಟೆಯ ಕಾಲದ್ದು.

ಆ ಚಳಿಗಾಲದ ಕೊನೆಯ ಭಾನುವಾರ ತಂತಿ ಸುತ್ತುವಾಗ ಅಪ್ಪ ಒಂದು ಮಾತು ಹೇಳಿದ. ಸಿಟ್ಟಿನಲ್ಲಿ ಅಲ್ಲ, ಮಳೆ ಲೆಕ್ಕ ಹೇಳಿದ ಹಾಗೆ. "ಅಮ್ಮ ಇರುವಾಗ ಚೌತಿಗೊಂದ್ಸಲ, ದೀಪಾವಳಿಗೊಂದ್ಸಲ ಬರ್ತಿದ್ದೆ. ತಂತಿ ಕಟ್ಟಿದ ಮೇಲೆ ವಾರ ವಾರ ಬರ್ತೀಯ. ಮೊದಲೇ ಕಟ್ಟಬಹುದಿತ್ತು ತಮಾ."

ಬಸ್ಸಿನಲ್ಲಿ ಬೆಂಗಳೂರಿನ ತನಕ ನಿದ್ದೆ ಬರಲಿಲ್ಲ.

ಆರು ಐವತ್ನಾಲ್ಕು

ಮತ್ತೆ ಆ ಜನವರಿಯ ಭಾನುವಾರಕ್ಕೆ ಬರ್ತೇನೆ. ಎರಡನೇ ಚಳಿಗಾಲ, ಉಳಿದಿದ್ದು ಅದೂ ಸೇರಿ ಮೂರು ಭಾನುವಾರ. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ ಹೇಳುವ ಕೆ ಸೂಚ್ಯಂಕ ಎರಡು ದಿನದಿಂದ 1ರಲ್ಲೇ ಇತ್ತು. 9 ಅಂದ್ರೆ ಪ್ರಳಯ, 1 ಅಂದ್ರೆ ಶಾಂತಿ. ಆಸೆ ಇಟ್ಟುಕೊಳ್ಳಬಹುದಾದ ದಿನ.

6:41. ಏನಿಲ್ಲ. ಸೊಂಯ್ ಅನ್ನುವ ಸದ್ದು, ದೂರದಲ್ಲಿ ಒಬ್ಬ ಇಟಲಿಯವನು. ಒಪ್ಪಂದದ ಪ್ರಕಾರ ಅವನು ಎರಡು ನಿಮಿಷ ಕರೆಯೋದು, ನಾನು ಎರಡು ನಿಮಿಷ.

6:47. ಪೂರ್ವದ ಬೆಟ್ಟದ ಮೇಲೆ ಆಕಾಶ ಬೆಳ್ಳಗಾಗ್ತಾ ಇತ್ತು. ಇಟಲಿಯವನು ಜೋರಾದ. ಎಫ್ ಪದರ ಎದ್ದಿದೆ ಅಂತ ಅರ್ಥ.

6:52. ಸದ್ದಿನ ತಳದಲ್ಲಿ ಏನೋ ಇದೆಯಾ? ಕಣ್ಣು ಮುಚ್ಚಿಕೊಂಡೆ. ಡಾ-ಡಿ-ಡಾ. ಅಮೆರಿಕದ ಎಷ್ಟೋ ಕರೆಸಂಕೇತ ಶುರುವಾಗುವ 'ಕೆ'. ಮತ್ತೆ ಇಲ್ಲ. ಮನಸ್ಸೇ ಹುಟ್ಟಿಸಿತು ಅಂದುಕೊಂಡೆ, ಇಂಥ ಹೊತ್ತಿನಲ್ಲಿ ಮನಸ್ಸು ಏನು ಬೇಕಾದರೂ ಕೇಳಿಸ್ತದೆ. ಒಂದು ಬದಿಯ ಹೆಡ್‌ಫೋನ್ ತಿರುಗಿಸಿ ಅಪ್ಪನ ಕಿವಿಗೆ ಹಿಡಿದೆ. ಅಪ್ಪ ಉಸಿರು ಬಿಗಿಹಿಡಿದು ಕೇಳಿದ.

"ತೋಟದ ಆಚೆ ಯಾರೋ ಶಿಳ್ಳೆ ಹಾಕ್ದಂಗೆ ಬರ್ತಾ ಉಂಟು," ಅಂದ. "ಬಿಟ್ಟು ಬಿಟ್ಟು."

6:54ಕ್ಕೆ ಅದು ನೀರೊಳಗಿಂದ ಎದ್ದ ಹಾಗೆ ಮೇಲೆ ಬಂತು. ಡಿಡಿಡಿಡಾ, ಡಿಡಿಡಾ. 'ವಿಯು.' ನನ್ನದೇ ಕರೆಸಂಕೇತ, ಪೂರ್ತಿ, ಆಮೇಲೆ ಅವನದ್ದು, ಆಮೇಲೆ 339. ಕಷ್ಟಪಟ್ಟು ಓದಬಹುದು, ಸಿಗ್ನಲ್ ಬಡಕಲು, ನಾದ ಶುದ್ಧ ಅಂತ ಅದರ ಅರ್ಥ. ನನ್ನ ಕೈ ನಡುಗಿ ಮೊದಲ ಸಲ ತಪ್ಪು ಬಡಿದೆ. ಎರಡನೇ ಸಲ ಸರಿಯಾಗಿ ಕಳಿಸಿದೆ, ಅವನಿಗೂ 339. ಹತ್ತು ಸೆಕೆಂಡು ಬರೀ ಸೊಂಯ್. ಆಮೇಲೆ ಬಂತು: ಡಿ-ಡಾ-ಡಿ, ಡಿ-ಡಾ-ಡಿ. ತಲುಪಿತು, ತಲುಪಿತು. ಕೊನೆಯಲ್ಲಿ ಅವನು ಒಂದು 'ಯು' ಕಳಿಸಿದ. ಬೇಕಂತಲೇ ಡಾ ಉದ್ದಕ್ಕೆ ಎಳೆದು.

ಇಷ್ಟೇ. ಮೂರು ನಿಮಿಷದಲ್ಲಿ ಎರಡು ಕರೆಸಂಕೇತ, ಎರಡು ಅಂಕೆ, ಒಂದು ಕೀಟಲೆ. ಸಿಗ್ನಲ್ ಸೂರ್ಯ ಹುಟ್ಟಿ ಏಳು ನಿಮಿಷದ ತನಕ ಇತ್ತು, ಆಮೇಲೆ ಯಾರೋ ಬಾಗಿಲು ಎಳೆದುಕೊಂಡ ಹಾಗೆ ಹೋಯ್ತು.

7:10ಕ್ಕೆ ಫೋನ್ ಹೊಡೆದುಕೊಂಡಿತು. ವಾಟ್ಸ್ಆ್ಯಪ್ ಕರೆ! ಕಾವಲುಗಾರ ಬಂದು ಓಡಿಸಿದ್ದಾನೆ, ಕಾರಿನಲ್ಲಿ ಕೂತು ಮಾಡ್ತಿದ್ದಾನೆ. ಇಬ್ಬರೂ ಒಟ್ಟಿಗೇ ಕಿರುಚಿದ್ದರಿಂದ ಮೊದಲ ನಿಮಿಷ ಏನೂ ಅರ್ಥವಾಗಲಿಲ್ಲ. ಆಮೇಲೆ ಐವತ್ತು ನಿಮಿಷ ಮಾತಾಡಿದ್ವಿ. ರೇಡಿಯೊ ವಿಷಯ ಹತ್ತು ನಿಮಿಷಕ್ಕೆ ಮುಗಿದಿತ್ತು. ಅಮ್ಮನ ಕೊನೆಯ ದಿನಗಳ ಬಗ್ಗೆ ಅವನು ಕೇಳಿದ. ಮೆಸೇಜಿನಲ್ಲಿ ಹೇಗೆ ಕೇಳೋದು ಅಂತ ಗೊತ್ತಾಗಲಿಲ್ಲ ಕಣೋ ಅಂದ. ನಾನೂ ಯಾರಿಗೂ ಹೇಳಿರಲಿಲ್ಲ, ಹೇಳಿದೆ. ಆಮೇಲೆ "ಅಪ್ಪಂಗೆ ಫೋನ್ ಕೊಡು" ಅಂದ. ಅಪ್ಪ ಅವನ ಹತ್ತಿರ ಅಡಿಕೆ ರೇಟು, ಮಂಗನ ಕಾಟ ಎಲ್ಲ ಹೇಳಿಕೊಂಡ.

ಮೇನ್ ಸ್ವಿಚ್ ಹಾಕಿದ್ದೇ ತಡ, ಹೆಡ್‌ಫೋನಿನಲ್ಲಿ ಮತ್ತೆ ಗಲಾಟೆ. ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯುವ ಮಷಿನ್ನೂ ಶುರುವಾಯ್ತು. ಮಂಗಳವಾರ ಕೊನೆಗೌಡ ಬರುವವನಿದ್ದ, ತಂತಿ ಇಳಿಸಬೇಕಿತ್ತು. ಅಪ್ಪ ಕೋಲಿಗೆ ತಂತಿ ಸುತ್ತುತ್ತಾ ಕೇಳಿದ.

"ಫೆಬ್ರವರಿಯಲ್ಲಿ ಇದು ಆಗೂದಿಲ್ಲ ಅಲ್ದಾ?"

"ಇಲ್ಲ. ತಿಂಗಳ ಕೊನೆಗೆ ಮುಗೀತದೆ."

ಸ್ವಲ್ಪ ಹೊತ್ತು ಸುಮ್ಮನೆ ಸುತ್ತಿದ.

"40 ಮೀಟರು ಅಂತ ಇನ್ನೊಂದಿದೆ ಅಂದಿದ್ಯಲ್ಲ. ಅದು ಫೆಬ್ರವರಿಯಲ್ಲೂ ನಡೀತದಾ?"

"ನಡೀತದೆ ಅಪ್ಪ," ಅಂದೆ.